ನೂರಕ್ಕೆ ನೂರೊಂಬತ್ತು

ಮೂರು ಅಂಕಿಗಳನ್ನು ಕೂಡಿಸಬೇಕು: 69, 31 ಮತ್ತು 9. ಮೊತ್ತ 109. ಇವು ಶೇಕಡಾವಾರು ಅಂಕಿಗಳಾಗಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ ಎಂದು ಹೈಸ್ಕೂಲಿನ ಹುಡುಗನೂ ಹೇಳಿಯಾನು. ಆದರೆ ಇದೇ ಮೂರು ಅಂಕಿಗಳು ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರಸಿದ್ಧ ಸಮಾಜಶಾಸ್ತ್ರೀಯ ಪ್ರಬಂಧವೊಂದರ ಅಡಿಟಿಪ್ಪಣಿಯಲ್ಲಿ ಕುಳಿತು, ಮುದ್ರಣದಿಂದ ಮುದ್ರಣಕ್ಕೆ, ಭಾಷೆಯಿಂದ ಭಾಷೆಗೆ ದಶಕಗಳ ಕಾಲ ಸಾಗಿಬಂದವು.

ಆ ಪ್ರಬಂಧ ಜರ್ಮನಿಯ ಮ್ಯಾಕ್ಸ್ ವೇಬರ್ ಬರೆದ 'ಪ್ರಾಟೆಸ್ಟೆಂಟ್ ನೀತಿ ಮತ್ತು ಬಂಡವಾಳಶಾಹಿಯ ಚೇತನ'. 1904 ಮತ್ತು 1905ರಲ್ಲಿ ಎರಡು ಕಂತುಗಳಲ್ಲಿ ಒಂದು ವಿದ್ವತ್ ಪತ್ರಿಕೆಯಲ್ಲಿ ಪ್ರಕಟವಾದ ಈ ಬರಹವನ್ನು ಟಾಲ್ಕಟ್ ಪಾರ್ಸನ್ಸ್ 1930ರಲ್ಲಿ ಇಂಗ್ಲಿಷಿಗೆ ತಂದರು. ಅಲ್ಲಿಯೂ ತಪ್ಪು ಹಾಗೆಯೇ ಉಳಿಯಿತು. ಸ್ವೀಡನ್ನಿನ ಆರ್ಥಿಕ ಇತಿಹಾಸಕಾರ ಕುರ್ಟ್ ಸ್ಯಾಮ್ಯುಯೆಲ್ಸನ್ ವೇಬರರ ವಾದವನ್ನು ಖಂಡಿಸಿ ಬರೆದ ಪುಸ್ತಕ 1957ರಲ್ಲಿ ಸ್ವೀಡಿಷ್ ಭಾಷೆಯಲ್ಲಿ, 1961ರಲ್ಲಿ ಇಂಗ್ಲಿಷಿನಲ್ಲಿ ಹೊರಬಂತು. 69 ಇರುವ ಕಡೆ 59 ಇರಬೇಕಿತ್ತು ಎಂದು ಅವರು ಬೆರಳಿಟ್ಟು ತೋರಿಸಿದರು.

ಇದು ಬರೀ ಕೈತಪ್ಪಿನ ಕತೆಯಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಈ ಒಂದು ಸಾಲಿನ ಹಿಂದೆ ದೊಡ್ಡ ಪ್ರಶ್ನೆಯೊಂದು ನಿಂತಿದೆ. ಕಣ್ಣೆದುರಿಗಿಲ್ಲದ, ಮಾತನಾಡಿಸಲು ಬಾರದ, ಎಂದೋ ಮಣ್ಣಾಗಿ ಹೋದ ಸಮಾಜದ ಬಗ್ಗೆ ಇಂದಿನ ವಿದ್ವಾಂಸ ಏನನ್ನಾದರೂ 'ತಿಳಿದಿದ್ದೇನೆ' ಎಂದು ಹೇಳುವುದು ಯಾವ ಆಧಾರದ ಮೇಲೆ? ಗತಕಾಲದ ಸಮಾಜಗಳ ರಚನೆ ಮತ್ತು ಬದಲಾವಣೆಯನ್ನು ಅಧ್ಯಯನ ಮಾಡುವ ಶಾಖೆಗೆ ಐತಿಹಾಸಿಕ ಸಮಾಜಶಾಸ್ತ್ರ ಎಂದು ಹೆಸರು. ಅದರ ತಿಳಿವಳಿಕೆ ಎಷ್ಟರಮಟ್ಟಿಗೆ ನಂಬಲರ್ಹ ಎಂದು ಕೇಳುವುದು ಜ್ಞಾನಮೀಮಾಂಸೆ. ಹೆಸರು ಭಾರವಾಗಿದೆ, ಪ್ರಶ್ನೆ ಮಾತ್ರ ದಿನಬಳಕೆಯದು. 'ಆ ಜನಕ್ಕೆ ವ್ಯಾಪಾರ ರಕ್ತದಲ್ಲೇ ಬಂದದ್ದು', 'ಈ ಜಾತಿಯವರಿಗೆ ಓದು ಹತ್ತುವುದಿಲ್ಲ' ಎಂಬ ಮಾತುಗಳು ಹಳ್ಳಿಯ ಕಟ್ಟೆಯಿಂದ ಹಿಡಿದು ಕಚೇರಿಯ ಪಡಸಾಲೆಯವರೆಗೆ ಕೇಳಿಬರುತ್ತವೆ. ಒಂದು ಸಮುದಾಯದ ಇಂದಿನ ಸ್ಥಿತಿಗೆ ಅದರ ನಂಬಿಕೆಯೇ ಕಾರಣ ಎನ್ನುವ ಈ ಜಿಗಿತವನ್ನು ವೇಬರ್ ಮಾಡಿದರೇ? ಮಾಡಿದ್ದರೆ ಯಾವ ಎಚ್ಚರದಿಂದ ಮಾಡಿದರು?

ಬಾಡೆನ್ ಪ್ರಾಂತದ ಲೆಕ್ಕ

ಜರ್ಮನಿಯ ನೈಋತ್ಯ ಭಾಗದ ಬಾಡೆನ್ ಪ್ರಾಂತದಲ್ಲಿ 1895ರ ಗಣತಿಯ ಪ್ರಕಾರ ಶೇ. 61ರಷ್ಟು ಕ್ಯಾಥೊಲಿಕರೂ ಶೇ. 37ರಷ್ಟು ಪ್ರಾಟೆಸ್ಟೆಂಟರೂ ಇದ್ದರು. ಯೆಹೂದಿಗಳು ಶೇ. 1.5. ವೇಬರರ ಶಿಷ್ಯ ಮಾರ್ಟಿನ್ ಒಫೆನ್‌ಬಾಕರ್ ಈ ಪ್ರಾಂತದ ತೆರಿಗೆ ಮತ್ತು ಶಾಲಾ ದಾಖಲೆಗಳನ್ನು ಜಾಲಾಡಿ, ಪಂಥಕ್ಕೂ ಸಾಮಾಜಿಕ ಸ್ಥಾನಕ್ಕೂ ಇರುವ ನಂಟನ್ನು ಅಧ್ಯಯನ ಮಾಡಿದ್ದರು. ಬಂಡವಾಳದ ಮೇಲಿನ ತೆರಿಗೆಗೆ ಒಳಪಟ್ಟ ಆಸ್ತಿ ಪ್ರತಿ ಸಾವಿರ ಪ್ರಾಟೆಸ್ಟೆಂಟರಿಗೆ 9,54,000 ಮಾರ್ಕ್, ಪ್ರತಿ ಸಾವಿರ ಕ್ಯಾಥೊಲಿಕರಿಗೆ 5,89,000 ಮಾರ್ಕ್. ಸಾವಿರ ಯೆಹೂದಿಗಳಿಗೆ ಇದು 40 ಲಕ್ಷವನ್ನೂ ಮೀರಿತ್ತು. ಶಾಲೆಗಳಲ್ಲಿಯೂ ವ್ಯತ್ಯಾಸವಿತ್ತು. ಗ್ರೀಕ್, ಲ್ಯಾಟಿನ್ ಕಲಿಸುವ ಹಳೆಯ ಮಾದರಿಯ ಶಾಲೆಗಳತ್ತ ಕ್ಯಾಥೊಲಿಕರ ಒಲವು. ವಿಜ್ಞಾನ, ಆಧುನಿಕ ಭಾಷೆ, ವಾಣಿಜ್ಯಕ್ಕೆ ಒತ್ತು ಕೊಡುವ ಶಾಲೆಗಳತ್ತ ಪ್ರಾಟೆಸ್ಟೆಂಟರ ಒಲವು. 109ರ ಸಾಲು ಇದ್ದದ್ದು ಈ ಎರಡನೆಯ ಬಗೆಯ ಶಾಲೆಯೊಂದರ ಲೆಕ್ಕದಲ್ಲಿ. ಶಿಷ್ಯನ ಕೋಷ್ಟಕದ ತಪ್ಪು ಗುರುವಿನ ಪುಟಕ್ಕೆ ಹಾಗೆಯೇ ಇಳಿದುಬಂದಿತ್ತು.

ಹತ್ತು ಅಂಶ ಕಡಿಮೆ ಮಾಡಿದರೆ ಪ್ರಾಟೆಸ್ಟೆಂಟರ ಮುನ್ನಡೆ ಕುಗ್ಗುತ್ತದೆ, ಇಲ್ಲವಾಗುವುದಿಲ್ಲ. ಆದರೆ ಸ್ಯಾಮ್ಯುಯೆಲ್ಸನ್ ಅಷ್ಟಕ್ಕೇ ಬಿಡಲಿಲ್ಲ. ಇಡೀ ಬಾಡೆನ್ ಪ್ರಾಂತದ ಜನಸಂಖ್ಯೆಯೊಡನೆ ಶಾಲೆಯ ಹಾಜರಿಯನ್ನು ಹೋಲಿಸಿದ್ದೇ ಸರಿಯಲ್ಲ ಎಂದು ಅವರು ವಾದಿಸಿದರು. ಅಂಥ ಶಾಲೆಗಳು ಊರೂರಿಗೂ ಇರಲಿಲ್ಲ. ಎಲ್ಲಿ ಇದ್ದವೋ ಅಲ್ಲಿ ಪ್ರಾಟೆಸ್ಟೆಂಟರ ಪಾಲೇ ಹೆಚ್ಚಾಗಿತ್ತು. ಮಕ್ಕಳು ಹತ್ತಿರದ ಶಾಲೆಗೆ ಹೋದರೆ ಅದನ್ನು ಪಂಥದ ಒಲವು ಎಂದು ಓದಬೇಕೇ, ಊರಿನ ಭೂಗೋಳ ಎಂದು ಓದಬೇಕೇ?

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಆದರೆ ಆ ಮಾತು ಸಲ್ಲುವುದು ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಬೆಂದ ಅನ್ನಕ್ಕೆ. ಸಮಾಜ ಒಂದೇ ಪಾತ್ರೆಯಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಡಬ್ಲ್ಯು. ಎಸ್. ರಾಬಿನ್‌ಸನ್ 1950ರಲ್ಲಿ ಇದನ್ನು ಅಂಕಿಗಳಿಂದಲೇ ತೋರಿಸಿದರು. 1930ರ ಅಮೆರಿಕದ ಜನಗಣತಿಯನ್ನು ರಾಜ್ಯವಾರು ನೋಡಿದರೆ, ಹೊರದೇಶದಲ್ಲಿ ಹುಟ್ಟಿದವರು ಹೆಚ್ಚಿದ್ದ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ. ಹಾಗಾದರೆ ವಲಸೆ ಬಂದವರು ಹೆಚ್ಚು ಅಕ್ಷರಸ್ಥರೇ? ಇಲ್ಲ. ಒಬ್ಬೊಬ್ಬರನ್ನಾಗಿ ಎಣಿಸಿದರೆ ಅವರಲ್ಲೇ ಅನಕ್ಷರತೆ ತುಸು ಹೆಚ್ಚು. ಶಾಲೆ, ಕೆಲಸ ಚೆನ್ನಾಗಿದ್ದ ರಾಜ್ಯಗಳಿಗೆ ಅವರು ಹೋಗಿ ನೆಲೆಸಿದ್ದರು, ಅಷ್ಟೆ. ಗುಂಪಿನ ಲೆಕ್ಕದಿಂದ ಗುಂಪಿನೊಳಗಿನ ವ್ಯಕ್ತಿಯ ಸ್ವಭಾವಕ್ಕೆ ಹಾರುವುದು ಎಷ್ಟು ಅಪಾಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಹೊಗೆ, ಬೆಂಕಿ ಮತ್ತು ಹಸಿ ಸೌದೆ

ಭಾರತೀಯ ನ್ಯಾಯಶಾಸ್ತ್ರದಲ್ಲಿ ತಿಳಿವಳಿಕೆಯ ದಾರಿಗಳನ್ನು ಪ್ರಮಾಣಗಳೆಂದು ಕರೆದಿದ್ದಾರೆ. ಕಣ್ಣಾರೆ ಕಂಡದ್ದು ಪ್ರತ್ಯಕ್ಷ, ಕುರುಹಿನಿಂದ ಊಹಿಸಿದ್ದು ಅನುಮಾನ, ನಂಬಲರ್ಹರ ಮಾತಿನಿಂದ ತಿಳಿದದ್ದು ಶಬ್ದ. ಗತಕಾಲದ ಅಧ್ಯಯನಕ್ಕೆ ಮೊದಲನೆಯ ದಾರಿ ಮುಚ್ಚಿಹೋಗಿದೆ. ಉಳಿದದ್ದು ಅನುಮಾನ ಮತ್ತು ಶಬ್ದ. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆ ಎನ್ನುವುದು ಅನುಮಾನದ ಹಳೆಯ ಉದಾಹರಣೆ.

ಆದರೆ ನೈಯಾಯಿಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಏಳಬೇಕಾದರೆ ಸೌದೆ ಹಸಿಯಾಗಿರಬೇಕು. ಮೇಲ್ನೋಟಕ್ಕೆ ಕಾಣದ ಈ ನಡುವಿನ ಷರತ್ತಿಗೆ 'ಉಪಾಧಿ' ಎಂದು ಹೆಸರಿಟ್ಟರು. ಎರಡು ಸಂಗತಿಗಳು ಜೊತೆಯಾಗಿ ಕಂಡಾಗ, ಇವೆರಡರ ನಡುವೆ ಉಪಾಧಿಯೊಂದು ಅಡಗಿದೆಯೇ ಎಂದು ಹುಡುಕುವುದು ತಾರ್ಕಿಕನ ಮೊದಲ ಕೆಲಸ.

ವೇಬರರ ವಾದದ ನೂರು ವರ್ಷಗಳ ಚರಿತ್ರೆಯನ್ನು ಇಂಥ ಉಪಾಧಿಯ ಹುಡುಕಾಟ ಎಂದೇ ಓದಬಹುದು. ಸಾಷಾ ಬೆಕರ್ ಮತ್ತು ಲುಡ್ಜರ್ ವೋಸ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಷ್ಯದ 452 ಕೌಂಟಿಗಳ 1871ರ ಜನಗಣತಿಯನ್ನು ಎತ್ತಿಕೊಂಡಿತು. ಪ್ರಾಟೆಸ್ಟೆಂಟರು ಹೆಚ್ಚಿದ್ದ ಕೌಂಟಿಗಳು ಮುಂದುವರಿದಿದ್ದವು, ನಿಜ. ಆದರೆ ಅಲ್ಲಿ ಓದುಬರಹ ಬಲ್ಲವರೂ ಹೆಚ್ಚಿದ್ದರು. ಪ್ರತಿಯೊಬ್ಬ ಭಕ್ತನೂ ಬೈಬಲನ್ನು ತಾನೇ ಓದಬೇಕೆಂದು ಲೂಥರ್ ಬಯಸಿದ್ದರಿಂದ ಹಳ್ಳಿಹಳ್ಳಿಯಲ್ಲಿ ಶಾಲೆಗಳು ಹುಟ್ಟಿದವು. ಅಕ್ಷರದ ಲೆಕ್ಕವನ್ನು ಬದಿಗಿಟ್ಟು ನೋಡಿದರೆ ಪಂಥದ ಪಾತ್ರ ಬಹುಮಟ್ಟಿಗೆ ಕರಗಿಹೋಗುತ್ತದೆ ಎಂಬುದು ಅವರ ತೀರ್ಮಾನ. ಅಂದರೆ ಹಸಿ ಸೌದೆ ಅಕ್ಷರ, ದುಡಿಮೆಯ ನೀತಿಯಲ್ಲ.

ಡಾವಿಡೆ ಕಾಂಟೋನಿ ಇನ್ನೂ ಬೇರೆ ದಾರಿ ಹಿಡಿದರು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನ ಜರ್ಮನ್ ಪ್ರದೇಶದ 272 ನಗರಗಳ ಬೆಳವಣಿಗೆಯನ್ನು 1300ರಿಂದ 1900ರವರೆಗೆ, ಆರು ಶತಮಾನ ಹಿಂಬಾಲಿಸಿತು. ಪ್ರಾಟೆಸ್ಟೆಂಟ್ ನಗರಗಳು ಕ್ಯಾಥೊಲಿಕ್ ನಗರಗಳಿಗಿಂತ ಬೇಗ ಬೆಳೆದವು ಎನ್ನಲು ಅವರಿಗೆ ಪುರಾವೆ ಸಿಗಲಿಲ್ಲ. ಆದರೆ ಇಲ್ಲಿಯೂ ಒಂದು ಎಚ್ಚರ ಬೇಕು. ಆರು ನೂರು ವರ್ಷಗಳ ಉದ್ದಕ್ಕೂ ಸಂಪತ್ತಿನ ಲೆಕ್ಕ ಸಿಗದಿದ್ದುದರಿಂದ ಅವರು ಅಳೆದದ್ದು ನಗರದ ಜನಸಂಖ್ಯೆಯನ್ನು. ಜನ ಹೆಚ್ಚಿದರೆ ಸಮೃದ್ಧಿ ಹೆಚ್ಚಿತೆಂದು ಊಹಿಸಬೇಕು. ಒಂದು ಅನುಮಾನದ ಮೇಲೆ ಇನ್ನೊಂದು ಅನುಮಾನ.

ಬೋಧಕನ ಮಾತು, ಭಕ್ತನ ಮನಸ್ಸು

ಇಷ್ಟೆಲ್ಲ ಅಂಕಿಗಳ ಜಗಳದಲ್ಲಿ ವೇಬರರಿಗೆ ಅನ್ಯಾಯವಾಗಬಾರದು. ಏಕೆಂದರೆ ಬಾಡೆನ್ ಕೋಷ್ಟಕ ಅವರ ವಾದದ ಹೊಸ್ತಿಲು ಮಾತ್ರ, ಗರ್ಭಗುಡಿಯಲ್ಲ. ಅವರು ಕೇಳಿದ ಪ್ರಶ್ನೆ ಎಷ್ಟು ಮಂದಿ ಶ್ರೀಮಂತರಾದರು ಎಂಬುದಕ್ಕಿಂತ ಆಳದ್ದು. ಬೇಕಾದಷ್ಟು ಗಳಿಸಿದ ಮೇಲೂ ಮನುಷ್ಯ ದುಡಿಯುತ್ತಲೇ ಇರುವುದು, ಗಳಿಸಿದ್ದನ್ನು ಅನುಭವಿಸದೆ ಮತ್ತೆ ವ್ಯಾಪಾರಕ್ಕೇ ಹಾಕುವುದು, ಅದನ್ನೇ ಸದ್ಗುಣವೆಂದು ಬಗೆಯುವುದು ಎಲ್ಲಿಂದ ಬಂತು? ದುರಾಸೆ ಎಲ್ಲ ಕಾಲದಲ್ಲೂ ಇತ್ತು. ಈ ಶಿಸ್ತು ಹೊಸದು.

ವೇಬರರ ಉತ್ತರ ಹೀಗೆ ಸಾಗುತ್ತದೆ. ಯಾರಿಗೆ ಮೋಕ್ಷ, ಯಾರಿಗೆ ನರಕ ಎಂಬುದನ್ನು ದೇವರು ಮೊದಲೇ ನಿರ್ಧರಿಸಿದ್ದಾನೆ, ಪೂಜೆ ಪುನಸ್ಕಾರಗಳಿಂದ ಅದು ಬದಲಾಗದು ಎಂದು ಕ್ಯಾಲ್ವಿನ್ ಪಂಥ ಬೋಧಿಸಿತು. ಈ ಬೋಧನೆ ಭಕ್ತನನ್ನು ಭಯಂಕರ ಒಂಟಿತನಕ್ಕೆ ನೂಕಿತು. ತಾನು ಆಯ್ಕೆಯಾದವನೋ ಅಲ್ಲವೋ ಎಂಬ ಆತಂಕಕ್ಕೆ ಮದ್ದಾಗಿ, ವಹಿಸಿದ ವೃತ್ತಿಯಲ್ಲಿ ಬಿಡುವಿಲ್ಲದೆ ದುಡಿ ಎಂದು ಬೋಧಕರು ಹೇಳಿದರು. ದುಡಿಮೆಯ ಫಲ ದೈವಕೃಪೆಯ ಕುರುಹಾಯಿತು. ಧರ್ಮ ಒಣಗಿಹೋದ ಮೇಲೂ ದುಡಿಮೆಯ ಆ ಶಿಸ್ತು ಉಳಿಯಿತು. ಇಲ್ಲಿ ವೇಬರ್ ಹಿಡಿಯಲು ಹೊರಟದ್ದು ಕ್ರಿಯೆಯ ಒಳಗಿನ ಅರ್ಥವನ್ನು. ಮನುಷ್ಯರ ನಡತೆಯನ್ನು ಹೊರಗಿನಿಂದ ಅಳೆದರೆ ಸಾಲದು, ಅದು ಅವರಿಗೆ ಏನಾಗಿ ಕಂಡಿತು ಎಂಬುದನ್ನೂ ಅರಿಯಬೇಕು ಎಂಬುದು ಅವರ ಜ್ಞಾನಮೀಮಾಂಸೆಯ ತಿರುಳು.

ಆದರೆ ಮುನ್ನೂರು ವರ್ಷ ಹಿಂದಿನ ಭಕ್ತನ ಮನಸ್ಸಿಗೆ ದಾರಿ ಯಾವುದು? ವೇಬರ್ ಮುಖ್ಯವಾಗಿ ಆಧರಿಸಿದ್ದು ಹದಿನೇಳನೆಯ ಶತಮಾನದ ಇಂಗ್ಲಿಷ್ ಬೋಧಕ ರಿಚರ್ಡ್ ಬಾಕ್ಸ್‌ಟರ್ ಮೊದಲಾದವರ ಉಪದೇಶಗಳನ್ನು. ಬಂಡವಾಳಶಾಹಿಯ ಚೇತನಕ್ಕೆ ಸಾಕ್ಷಿಯಾಗಿ ಅವರು ಎದುರಿಗಿಟ್ಟದ್ದು ಬೆಂಜಮಿನ್ ಫ್ರಾಂಕ್ಲಿನ್ 1736 ಮತ್ತು 1748ರಲ್ಲಿ ಬರೆದ ಎರಡು ಹಿತವಚನಗಳನ್ನು. ಬೋಧಕ ಹೇಳಿದ್ದನ್ನು ಭಕ್ತ ಕೇಳಿಸಿಕೊಂಡನೇ, ಕೇಳಿಸಿಕೊಂಡು ಹಾಗೆಯೇ ಅರ್ಥಮಾಡಿಕೊಂಡನೇ, ಅರ್ಥಮಾಡಿಕೊಂಡು ಹಾಗೆಯೇ ನಡೆದನೇ? ಉಪದೇಶದ ಪುಸ್ತಕ ಮೊದಲನೆಯ ಪ್ರಶ್ನೆಗೇ ಪೂರ್ತಿ ಉತ್ತರ ಕೊಡದು. ಸೋಮಾರಿತನ ಪಾಪ ಎಂದು ಪದೇ ಪದೇ ಬೋಧಿಸಬೇಕಾಗಿ ಬಂದಿದ್ದರೆ, ಕೇಳುಗರಲ್ಲಿ ಸೋಮಾರಿಗಳೇ ಹೆಚ್ಚಿದ್ದರು ಎಂದೂ ಓದಬಹುದಲ್ಲ!

ವೇಬರರಿಗೆ ಈ ಮಿತಿಯ ಅರಿವಿತ್ತು. ಅದೇ 1904ರಲ್ಲಿ ಬರೆದ ಇನ್ನೊಂದು ಪ್ರಬಂಧದಲ್ಲಿ ಅವರು 'ಆದರ್ಶ ಮಾದರಿ' ಎಂಬ ಪರಿಕಲ್ಪನೆಯನ್ನು ವಿವರಿಸಿದರು. ಇಲ್ಲಿ ಆದರ್ಶ ಎಂದರೆ ಅನುಕರಣೀಯ ಎಂದಲ್ಲ. ನಾಲ್ಕು ಕಡೆ ಹರಡಿದ ಲಕ್ಷಣಗಳನ್ನು ಒತ್ತಿ, ಹೆಕ್ಕಿ, ಒಂದೆಡೆ ಜೋಡಿಸಿದ ಚಿತ್ರ ಎಂದು ಅರ್ಥ. 'ಕ್ಯಾಲ್ವಿನ್ ಪಂಥದ ಭಕ್ತ' ಎಂಬ ಆ ಶುದ್ಧ ರೂಪ ಯಾವ ಊರಿನಲ್ಲೂ ಹಾಗೆಯೇ ಬದುಕಿರಲಿಲ್ಲ. ವಾಸ್ತವ ಅದರಿಂದ ಎಷ್ಟು ದೂರ, ಎಷ್ಟು ಹತ್ತಿರ ಎಂದು ಅಳೆಯುವ ಅಳತೆಗೋಲು ಅದು. ಅಳತೆಗೋಲನ್ನೇ ಬಟ್ಟೆ ಎಂದು ಭ್ರಮಿಸಿದರೆ ತಪ್ಪು ದರ್ಜಿಯದು. ಹಾಗೆಯೇ, ಎಲ್ಲಕ್ಕೂ ಅರ್ಥವ್ಯವಸ್ಥೆಯೇ ಕಾರಣ ಎಂಬ ಏಕಪಕ್ಷೀಯ ವಿವರಣೆಯನ್ನು ಕಿತ್ತು ಅದರ ಜಾಗದಲ್ಲಿ ಎಲ್ಲಕ್ಕೂ ಧರ್ಮವೇ ಕಾರಣ ಎಂಬ ಇನ್ನೊಂದು ಏಕಪಕ್ಷೀಯ ವಿವರಣೆಯನ್ನು ಇಡುವುದು ತಮ್ಮ ಉದ್ದೇಶವಲ್ಲ ಎಂದು ಅವರು ಪ್ರಬಂಧದ ಕೊನೆಯಲ್ಲಿ ಸ್ಪಷ್ಟಪಡಿಸಿದರು. ಅವರ ಹೆಸರು ಹೇಳಿಕೊಂಡು ಬಂದವರಲ್ಲಿ ಅನೇಕರು ಆ ಕೊನೆಯ ಪುಟದವರೆಗೆ ಹೋಗಲಿಲ್ಲ.

ಗಣತಿಯ ಕಣ್ಣಲ್ಲಿ ಕನ್ನಡ ನಾಡು

ಯುರೋಪಿನಲ್ಲಿ ಧರ್ಮವೇ ವ್ಯತ್ಯಾಸ ತಂದಿತು ಎನ್ನಬೇಕಾದರೆ ಬೇರೆ ಧರ್ಮಗಳ ನಾಡುಗಳಲ್ಲಿ ಏನಾಯಿತು ಎಂದೂ ನೋಡಬೇಕು. ಈ ಹೋಲಿಕೆಗಾಗಿ ವೇಬರ್ ಚೀನಾದ ನಂತರ ಭಾರತದತ್ತ ತಿರುಗಿದರು. 1916–17ರಲ್ಲಿ ಪ್ರಕಟವಾದ ಹಿಂದೂ ಮತ್ತು ಬೌದ್ಧ ಧರ್ಮಗಳ ಕುರಿತ ಅವರ ಅಧ್ಯಯನದಲ್ಲಿ ಕನ್ನಡ ನಾಡೂ ಬರುತ್ತದೆ. ಬಸವಣ್ಣನವರ ಅನುಯಾಯಿಗಳಾದ ಲಿಂಗಾಯತರನ್ನು ಅವರು ಬ್ರಾಹ್ಮಣ್ಯಕ್ಕೂ ಜಾತಿವ್ಯವಸ್ಥೆಗೂ ಎದುರಾಗಿ ನಿಂತ 'ಪ್ರಾಟೆಸ್ಟೆಂಟ್' ಮಾದರಿಯ ಪ್ರತಿಭಟನೆ ಎಂದು ಗುರುತಿಸಿದರು. ಕಾಲಕ್ರಮದಲ್ಲಿ ಆ ಪ್ರತಿಭಟನೆಯನ್ನು ಜಾತಿಯ ಚೌಕಟ್ಟು ಮತ್ತೆ ಒಳಗೆಳೆದುಕೊಂಡಿತು ಎಂದೂ ಬರೆದರು.

ವೇಬರ್ ಭಾರತಕ್ಕೆ ಬಂದವರಲ್ಲ. ಕನ್ನಡ ಇರಲಿ, ಸಂಸ್ಕೃತವೂ ಅವರಿಗೆ ಅನುವಾದಗಳ ಮೂಲಕವೇ. ಅವರ ಮುಖ್ಯ ಆಕರಗಳಲ್ಲಿ ಬ್ರಿಟಿಷ್ ಸರ್ಕಾರದ ಜನಗಣತಿ ವರದಿಗಳಿದ್ದವು. ಪಿ. ಜಿ. ಹಳಕಟ್ಟಿಯವರು ತಾಳೆಗರಿಗಳನ್ನು ಮನೆಮನೆಯಿಂದ ಕೂಡಿಸಿ, ವಿಷಯವಾರು ವಿಂಗಡಿಸಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದದ್ದು 1923ರಲ್ಲಿ. ವೇಬರ್ ತೀರಿಕೊಂಡದ್ದು 1920ರ ಜೂನ್‌ನಲ್ಲಿ. ವೃತ್ತಿಯನ್ನು ದೈವದ ಕರೆಯಾಗಿ ಕಂಡ ಕಲ್ಪನೆಯನ್ನು ಯುರೋಪಿನಲ್ಲಿ ಹುಡುಕುತ್ತ ಜೀವ ತೇಯ್ದ ವಿದ್ವಾಂಸ, 'ಕಾಯಕ' ಎಂಬ ಮಾತಿನ ವಚನ ಸಾಹಿತ್ಯ ಅಚ್ಚಿನಲ್ಲಿ ವಿಸ್ತಾರವಾಗಿ ತೆರೆದುಕೊಳ್ಳುವ ಮುನ್ನವೇ ಕಣ್ಮುಚ್ಚಿದರು.

ಆಮೇಲೆ ಕಾಯಕ ತತ್ತ್ವವನ್ನು ಪ್ರಾಟೆಸ್ಟೆಂಟ್ ನೀತಿಯೊಡನೆ ಹೋಲಿಸುವುದು ಕನ್ನಡದ ಭಾಷಣ, ಬರಹಗಳಲ್ಲಿ ರೂಢಿಯಾಯಿತು. ಹೋಲಿಕೆ ಆಕರ್ಷಕ. ಆದರೆ ಬಾಕ್ಸ್‌ಟರ್ ಉಪದೇಶಗಳಿಗೆ ಕೇಳಿದ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕಾಗುತ್ತದೆ. ವಚನದಲ್ಲಿ ಕಾಯಕದ ಮಹಿಮೆ ಇದೆ ಎಂಬುದು ಒಂದು ಸಂಗತಿ. ಅದರಿಂದ ಹನ್ನೆರಡನೆಯ ಶತಮಾನದ ನೇಕಾರ, ಅಂಬಿಗ, ಒಕ್ಕಲಿಗರ ದುಡಿಮೆ ಹೇಗೆ ಬದಲಾಯಿತು ಎಂಬುದು ಬೇರೆಯೇ ಸಂಗತಿ. ವಚನಗಳು ದೊಡ್ಡ ಸಂಖ್ಯೆಯಲ್ಲಿ ಸಂಕಲನಗೊಂಡದ್ದು ಹದಿನೈದನೆಯ ಶತಮಾನದ ವಿಜಯನಗರ ಕಾಲದಲ್ಲಿ. ನಡುವಿನ ಮುನ್ನೂರು ವರ್ಷಗಳ ಕೈಗಳು ಏನನ್ನು ಉಳಿಸಿದವು, ಏನನ್ನು ಸೇರಿಸಿದವು ಎಂದು ಕೇಳದೆ ಪಠ್ಯವನ್ನು ಸಮಾಜದ ಕನ್ನಡಿ ಎಂದುಕೊಳ್ಳಲಾಗದು. ಹೀಗೆ ಕೇಳುವುದರಿಂದ ವಚನದ ಬೆಲೆ ಕಡಿಮೆಯಾಗುವುದಿಲ್ಲ. ಅದರ ಮೇಲೆ ಹೊರಿಸುವ ಭಾರ ಮಾತ್ರ ಕಡಿಮೆಯಾಗುತ್ತದೆ.

ಇನ್ನು ವೇಬರರು ನಂಬಿದ ಜನಗಣತಿ ವರದಿಗಳ ವಿಚಾರ. ಗಣತಿದಾರ ಮನೆ ಬಾಗಿಲಿಗೆ ಬಂದು ಇದ್ದದ್ದನ್ನು ಇದ್ದಂತೆ ಬರೆದುಕೊಂಡು ಹೋದ ಎಂಬ ಭಾವನೆ ಸಾಮಾನ್ಯ. ಆದರೆ 1901ರ ಗಣತಿಯ ಆಯುಕ್ತ ಹರ್ಬರ್ಟ್ ರಿಸ್ಲಿ ಜಾತಿಗಳನ್ನು ಎಣಿಸುವುದರ ಜೊತೆಗೆ, ಸ್ಥಳೀಯ ಅಭಿಪ್ರಾಯದ ಆಧಾರದ ಮೇಲೆ ಮೇಲುಕೀಳಿನ ಶ್ರೇಣಿಯಲ್ಲಿ ಜೋಡಿಸಲು ಹೊರಟರು. ಕೂಡಲೇ ದೇಶದ ನಾನಾ ಕಡೆಗಳಿಂದ ಮನವಿಗಳ ಮಳೆ ಸುರಿಯಿತು. ತಮ್ಮನ್ನು ಇಂಥ ವರ್ಣಕ್ಕೆ ಸೇರಿಸಬೇಕು, ತಮ್ಮ ಹೆಸರನ್ನು ಹೀಗೆ ಬರೆಯಬೇಕು ಎಂದು ಜಾತಿ ಸಭೆಗಳು ಅರ್ಜಿ ಹಾಕಿಕೊಂಡವು. ಎಣಿಸಲು ಹೋದ ಸರ್ಕಾರ ಎಣಿಕೆಯ ವಸ್ತುವನ್ನೇ ಬದಲಿಸಿತ್ತು. ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಮುಂದೆ ಸಂಸ್ಕೃತೀಕರಣದ ಚರ್ಚೆಯಲ್ಲಿ, ಮೇಲೇರಬಯಸಿದ ಜಾತಿಗಳಿಗೆ ಜನಗಣತಿಯೇ ಒಂದು ಮೆಟ್ಟಿಲಾದ ಬಗೆಯನ್ನು ವಿವರಿಸಿದರು.

ಉಳಿದುಬಂದ ಚೂರುಗಳು

ಹಾಗಾದರೆ ನಂಬಬಹುದಾದ ಸಾಕ್ಷಿ ಯಾವುದು? ಫ್ರಾನ್ಸಿನ ಇತಿಹಾಸಕಾರ ಮಾರ್ಕ್ ಬ್ಲಾಕ್, 1944ರಲ್ಲಿ ನಾಜಿಗಳ ಗುಂಡಿಗೆ ಬಲಿಯಾಗುವ ಮುನ್ನ ಬರೆದು ಅಪೂರ್ಣವಾಗಿ ಬಿಟ್ಟುಹೋದ ಇತಿಹಾಸ ವಿದ್ಯೆಯ ಪುಸ್ತಕದಲ್ಲಿ, ಬೇಕೆಂದೇ ನುಡಿದ ಸಾಕ್ಷಿಗೂ ತನಗರಿವಿಲ್ಲದೆ ನುಡಿದ ಸಾಕ್ಷಿಗೂ ವ್ಯತ್ಯಾಸ ಮಾಡಿದರು. ಕನ್ನಡ ಓದುಗರಿಗೆ ಇದಕ್ಕೆ ಉದಾಹರಣೆ ಹುಡುಕಬೇಕಿಲ್ಲ. ದಾನಶಾಸನ ದಾನಿಯ ಕೀರ್ತಿಯನ್ನು ಮುಂದಿನ ಪೀಳಿಗೆಗೆ ಹೇಳಲೆಂದೇ ಕೆತ್ತಿಸಿದ್ದು. ಅದರ ಹೊಗಳಿಕೆಯನ್ನು ಅನುಮಾನದಿಂದ ನೋಡಬೇಕು. ಆದರೆ ಅದೇ ಕಲ್ಲಿನಲ್ಲಿ ಗದ್ದೆಯ ಎಲ್ಲೆ ಹೇಳುವಾಗ ಬರುವ ಕೆರೆ, ಕಾಲುವೆ, ಕೇರಿಗಳ ಹೆಸರುಗಳು, ತೆರಿಗೆಗಳ ಹೆಸರುಗಳು ಯಾರನ್ನೂ ಮೆಚ್ಚಿಸಲು ಬರೆದವಲ್ಲ. ತುರುಗೋಳಿನಲ್ಲಿ ಮಡಿದವನ ವೀರಗಲ್ಲು ವೀರನನ್ನು ಸ್ವರ್ಗಕ್ಕೇರಿಸುತ್ತದೆ. ಜೊತೆಗೆ ಆ ಸೀಮೆಯಲ್ಲಿ ದನವೇ ಸಂಪತ್ತಾಗಿತ್ತು ಎಂಬುದನ್ನು ತನಗರಿವಿಲ್ಲದೆ ಹೇಳಿಬಿಡುತ್ತದೆ. ಬಿ. ಎಲ್. ರೈಸ್ 1886ರಿಂದ ಪ್ರಕಟಿಸತೊಡಗಿದ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳ ಸಾಮಗ್ರಿಯನ್ನು ರಾಜರ ವಂಶಾವಳಿಗಷ್ಟೇ ಬಳಸದೆ ಬದುಕಿನ ಚಿತ್ರಕ್ಕಾಗಿ ಓದಬಹುದೆಂದು ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966ರಲ್ಲಿ ತೋರಿಸಿತು.

ಆದರೂ ಕಲ್ಲು ಕೆತ್ತಿಸಲು ಶಕ್ತಿಯಿದ್ದವರ ಲೋಕವೇ ಕಲ್ಲಿನಲ್ಲಿ ಹೆಚ್ಚು. ದಾನದ ಗದ್ದೆಯಲ್ಲಿ ನಾಟಿ ಮಾಡಿದವಳ ಮಾತು ಅಲ್ಲಿ ಸಿಗದು. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಜಾನ್ ಗೋಲ್ಡ್‌ಥಾರ್ಪ್ 1991ರಲ್ಲಿ ಎತ್ತಿದ ತಕರಾರು ಇದೇ. ಇಂದಿನ ಸಮಾಜವನ್ನು ಅಧ್ಯಯನ ಮಾಡುವವರು ಸಾಕ್ಷ್ಯ ಸಾಲದಿದ್ದರೆ ಹೊಸ ಪ್ರಶ್ನೆ ಕೇಳಿ ಹೊಸ ಸಾಕ್ಷ್ಯವನ್ನು ಹುಟ್ಟಿಸಬಹುದು. ಇತಿಹಾಸಕಾರನಿಗೆ ಉಳಿದುಬಂದ ಚೂರುಗಳಷ್ಟೇ ಗತಿ. ಉಳಿದವುಗಳನ್ನು ಹುಡುಕಬಹುದೇ ಹೊರತು ಹುಟ್ಟಿಸಲಾಗದು. ಹೀಗಿರುವಾಗ ಬ್ಯಾರಿಂಗ್ಟನ್ ಮೂರ್, ಥೀಡಾ ಸ್ಕಾಚ್‌ಪೋಲ್ ಮೊದಲಾದವರು ಚೂರುಗಳನ್ನೂ ನೇರವಾಗಿ ನೋಡದೆ, ಇತಿಹಾಸಕಾರರು ಬರೆದ ಪುಸ್ತಕಗಳಿಂದ ತಮ್ಮ ಸಿದ್ಧಾಂತಕ್ಕೆ ಒಗ್ಗುವ ಮಾತುಗಳನ್ನು ಆರಿಸಿಕೊಂಡರೆ ಆ ಕಟ್ಟಡಕ್ಕೆ ಅಡಿಪಾಯ ಎಲ್ಲಿ ಎಂದು ಅವರು ಕೇಳಿದರು. ಸ್ಕಾಚ್‌ಪೋಲ್ 1979ರ ತಮ್ಮ ಪುಸ್ತಕದಲ್ಲಿ ಫ್ರಾನ್ಸ್, ರಷ್ಯ, ಚೀನಾ ಕ್ರಾಂತಿಗಳನ್ನು ಹೋಲಿಸಿ ಕಾರಣಗಳನ್ನು ಹುಡುಕಿದ್ದರು. ಮೂರೇ ಉದಾಹರಣೆ, ಕಾರಣಗಳು ನೂರಾರು.

1994ರಲ್ಲಿ ಮೈಕಲ್ ಮನ್ ಇದಕ್ಕೆ ಉತ್ತರಿಸಿದರು. ಇಂದಿನ ಸಮಾಜದಿಂದ ಸಿಗುವ ಸಾಕ್ಷ್ಯವೂ ನಿರ್ಮಲವಾದುದಲ್ಲ; ಸಾಕ್ಷ್ಯ ಅಪೂರ್ಣವೆಂದು ದೊಡ್ಡ ಪ್ರಶ್ನೆಗಳನ್ನೇ ಕೈಬಿಟ್ಟರೆ ಸಮಾಜಶಾಸ್ತ್ರದಲ್ಲಿ ಉಳಿಯುವುದೇನು ಎಂಬ ದಿಕ್ಕಿನಲ್ಲಿ ಅವರ ವಾದ ಸಾಗಿತು. ಗೋಲ್ಡ್‌ಥಾರ್ಪ್ ಅವರದು ಸಾಲಗಾರನಿಗೆ ಲೆಕ್ಕ ಕೇಳುವ ಸಾಹುಕಾರನ ಎಚ್ಚರ. ಮನ್ ಅವರದು ಬೀಜಕ್ಕೆ ಸಾಲ ತಾರದೆ ಬೆಳೆ ತೆಗೆಯಲಾಗದೆನ್ನುವ ರೈತನ ಧೈರ್ಯ. ಎರಡೂ ಬೇಕು.

ಪ್ರತ್ಯಕ್ಷ ಕಂಡದ್ದಾದರೂ ಪೂರ್ತಿ ಭದ್ರವೇ? ಶ್ರೀನಿವಾಸ್ ಗ್ರಂಥದ ಕಣ್ಣಿನಿಂದ ಭಾರತವನ್ನು ನೋಡಿದ ಪರಂಪರೆಯನ್ನು ಟೀಕಿಸಿ, ಹಳ್ಳಿಯಲ್ಲಿ ಕೂತು ನೋಡಬೇಕೆಂದವರು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ಮಾಡಿದರು. ಬರಹದಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟಾನ್‌ಫರ್ಡಿನಲ್ಲಿ ಅವರಿದ್ದ ಸಂಶೋಧನಾ ಕೇಂದ್ರಕ್ಕೆ ದುಷ್ಕರ್ಮಿಗಳು ಹಚ್ಚಿದ ಬೆಂಕಿಯಲ್ಲಿ, ವರ್ಷಗಟ್ಟಲೆ ಪರಿಷ್ಕರಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಆಮೇಲೆ ಬಹುಪಾಲು ನೆನಪಿನಿಂದಲೇ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಪ್ರಕಟವಾಯಿತು. ಹೆಸರಿನಲ್ಲೇ ಅವರು ಓದುಗನಿಗೆ ಸತ್ಯ ಹೇಳಿದ್ದರು: ಇದು ನೆನಪಾದ ಹಳ್ಳಿ. ಕಂಡ ಹಳ್ಳಿಗೂ ನೆನಪಾದ ಹಳ್ಳಿಗೂ ನಡುವೆ ಕಾಲ ಮತ್ತು ಬೆಂಕಿ ಎರಡೂ ಇವೆ ಎಂಬುದನ್ನು ಮುಚ್ಚಿಡಲಿಲ್ಲ.

ಕೂಡಿ ನೋಡುವ ಹಕ್ಕು

ಐತಿಹಾಸಿಕ ಸಮಾಜಶಾಸ್ತ್ರದ ಜ್ಞಾನಮೀಮಾಂಸೆ ಕೊನೆಗೆ ಬಂದು ನಿಲ್ಲುವುದು ಈ ಮುಚ್ಚಿಡದಿರುವಿಕೆಯಲ್ಲಿ. ಗತ ಸಮಾಜದ ಬಗ್ಗೆ ಖಚಿತ ಸತ್ಯ ಸಿಗುವುದಿಲ್ಲ, ಆದ್ದರಿಂದ ಎಲ್ಲ ಹೇಳಿಕೆಗಳೂ ಸಮಾನ ಎನ್ನುವುದು ಸೋಮಾರಿಯ ತೀರ್ಮಾನ. 109 ತಪ್ಪು, 99 ಸರಿಗೆ ಹತ್ತಿರ. ಅದರಲ್ಲಿ ಅಭಿಪ್ರಾಯಭೇದಕ್ಕೆ ಎಡೆಯಿಲ್ಲ. ಆ ತಪ್ಪನ್ನು ಹಿಡಿಯಲು ಸಾಧ್ಯವಾದದ್ದು ಏಕೆ? ವೇಬರ್ ತಮ್ಮ ಕೋಷ್ಟಕವನ್ನು ಅಚ್ಚು ಹಾಕಿದ್ದರು, ಎಲ್ಲಿಂದ ತಂದದ್ದು ಎಂದು ಹೇಳಿದ್ದರು. 'ಪ್ರಾಟೆಸ್ಟೆಂಟರು ಮುಂದಿದ್ದಾರೆಂಬುದು ಎಲ್ಲರಿಗೂ ಗೊತ್ತು' ಎಂದಷ್ಟೇ ಬರೆದಿದ್ದರೆ ಯಾವ ಸ್ಯಾಮ್ಯುಯೆಲ್ಸನ್ನರಿಗೂ ಕೂಡಿ ನೋಡಲು ಏನೂ ಸಿಗುತ್ತಿರಲಿಲ್ಲ. ವಿದ್ವತ್ತಿನ ಮಾತಿಗೂ ಕಟ್ಟೆಯ ಮಾತಿಗೂ ಇರುವ ಅಂತರ ಒಂದು ತಪ್ಪುವುದಿಲ್ಲ, ಇನ್ನೊಂದು ತಪ್ಪುತ್ತದೆ ಎಂಬುದಲ್ಲ. ಎರಡೂ ತಪ್ಪುತ್ತವೆ; ಒಂದರ ತಪ್ಪನ್ನು ಬೇರೆಯವರು ತೋರಿಸಿಕೊಡಬಹುದು.

ಇದು ಗ್ರಂಥಾಲಯದ ಗೋಡೆಯೊಳಗಿನ ವಿಚಾರವೂ ಅಲ್ಲ. ಕರ್ನಾಟಕದಲ್ಲಿ 2015ರಲ್ಲಿ ಒಮ್ಮೆ, 2025ರಲ್ಲಿ ಮತ್ತೊಮ್ಮೆ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತು. ಎರಡು ಬಾರಿಯೂ ಯಾವ ಹೆಸರಿನಡಿ ಯಾರು ಬರಬೇಕು ಎಂಬುದೇ ಬಿಸಿ ಚರ್ಚೆಯಾಯಿತು. ಮುಂದೆ ನೂರು ವರ್ಷ ಕಳೆದ ಮೇಲೆ ಸಂಶೋಧಕರೊಬ್ಬರು ಈ ಕೋಷ್ಟಕಗಳನ್ನು ತೆರೆದು, ಇಂದಿನ ಸಮಾಜ ಹೀಗಿತ್ತು ಎಂದು ಬರೆಯುತ್ತಾರೆ. ಅಂಕಿಗಳು ಅವರ ಮುಂದಿರುತ್ತವೆ. ಬಾಗಿಲಲ್ಲಿ ನಿಂತು ಗಣತಿದಾರ ಕೇಳಿದ ಪ್ರಶ್ನೆ, ಉತ್ತರ ಹೇಳುವ ಮುನ್ನ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡ ಆ ಗಳಿಗೆ ಇರುವುದಿಲ್ಲ. ಆ ಗಳಿಗೆಯನ್ನೂ ಊಹಿಸಬಲ್ಲ ಸಂಶೋಧಕರಿಗೆ ಮಾತ್ರ ಅಂಕಿ ನಿಜ ಹೇಳುತ್ತದೆ. ಉಳಿದವರು ಕನಿಷ್ಠಪಕ್ಷ ಮೊತ್ತವನ್ನಾದರೂ ಇನ್ನೊಮ್ಮೆ ಕೂಡಿ ನೋಡಬೇಕು.